ಮುಪ್ಪಿನ ಆಯಾಸವೂ ಮಿತಾಹಾರವೂ: ಒಂದು ಚಾರಿತ್ರಿಕ ವಿವೇಚನೆ

ವೃದ್ಧರೊಬ್ಬರು ನಾಲ್ಕು ಮೆಟ್ಟಿಲು ಹತ್ತಿ ಏದುಸಿರು ಬಿಟ್ಟರೆ, ಹಾಡುಹಗಲಿನಲ್ಲಿ ಕುಳಿತಲ್ಲಿಯೇ ತೂಕಡಿಸಿದರೆ, ಸಂತೆಗೆ ಹೋಗಿ ಬರುವುದು ಇನ್ನು ತಮ್ಮಿಂದಾಗದೆಂದು ಕೈಚೆಲ್ಲಿದರೆ, ಮನೆಯವರು ಅದಕ್ಕೆ ಹೇಳುವ ಕಾರಣ ಒಂದೇ: ವಯಸ್ಸಾಯಿತು. ವೃದ್ಧರೂ ಆ ಮಾತನ್ನೇ ಒಪ್ಪಿಕೊಂಡುಬಿಡುತ್ತಾರೆ. ವಯಸ್ಸು ಆಯಾಸಕ್ಕೆ ಕಾರಣಗಳಲ್ಲೊಂದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಆಯಾಸದಲ್ಲಿ ವಯಸ್ಸಿನ ಪಾಲೆಷ್ಟು, ಊಟದ ಎಲೆಯ ಪಾಲೆಷ್ಟು ಎಂದು ಕೇಳುವವರು ವಿರಳ. ವೈದ್ಯರಿಗೆ ಸಲ್ಲತಕ್ಕ ಈ ಪ್ರಶ್ನೆಯನ್ನು ಇತಿಹಾಸದ ಅಧ್ಯಾಪಕರು ಕೈಗೆತ್ತಿಕೊಳ್ಳುವುದು ಅಧಿಕಪ್ರಸಂಗವೆಂದು ವಾಚಕರಿಗೆ ತೋರಬಹುದು. ನಮ್ಮ ಸಮಾಧಾನವಿಷ್ಟೆ: ಮುದುಕರಿಗೆ ಅಲ್ಪಾಹಾರವೇ ಹಿತವೆಂಬ ನಂಬಿಕೆಗೆ ಎರಡು ಸಾವಿರ ವರ್ಷಗಳಿಗೂ ಮಿಕ್ಕ ಚರಿತ್ರೆಯಿದೆ. ಆ ನಂಬಿಕೆಯಲ್ಲಿ ಸತ್ಯವಾದ ಅಂಶವೊಂದಿದೆ, ಅಪಾಯಕರವಾದ ಅಂಶವೂ ಒಂದಿದೆ. ಇವೆರಡೂ ಹೇಗೆ ಬೆಸೆದುಕೊಂಡುವು ಎಂಬುದನ್ನು ಗ್ರಂಥಗಳ ಮೂಲಕ ಗುರುತಿಸುವುದು ಇತಿಹಾಸದ ಕೆಲಸವೇ ಆಗಿದೆ.

ಪ್ರಾಚೀನ ಗ್ರೀಸಿನ ವೈದ್ಯ ಹಿಪೊಕ್ರಟೀಸನ ಹೆಸರಿನಲ್ಲಿ ಪ್ರಚಲಿತವಾಗಿರುವ ಸೂತ್ರಸಂಗ್ರಹದಲ್ಲಿ, ಉಪವಾಸವನ್ನು ಅತಿ ಸುಲಭವಾಗಿ ತಡೆದುಕೊಳ್ಳುವವರು ವೃದ್ಧರು, ತಡೆಯಲಾರದವರು ಮಕ್ಕಳು ಎಂಬ ಅಭಿಪ್ರಾಯವಿದೆ. ದೇಹದಲ್ಲಿ ಹುಟ್ಟಿನಿಂದ ಬಂದ ಒಂದು ಉಷ್ಣವಿದೆಯೆಂದೂ, ಬೆಳೆಯುವ ವಯಸ್ಸಿನಲ್ಲಿ ಅದು ಹೆಚ್ಚಾಗಿದ್ದು ಮುಪ್ಪಿನಲ್ಲಿ ಕ್ಷೀಣಿಸುವುದೆಂದೂ, ಆದಕಾರಣ ಅದಕ್ಕೆ ಹಾಕಬೇಕಾದ ಇಂಧನವೂ ಕಡಮೆಯಾಗಬೇಕೆಂದೂ ಅಲ್ಲಿಯ ತರ್ಕ. ಮಂದವಾಗಿ ಉರಿಯುವ ದೀಪಕ್ಕೆ ಒಮ್ಮೆಲೇ ಎಣ್ಣೆ ಸುರಿದರೆ ದೀಪವೇ ನಂದಿಹೋಗುವುದೆಂಬುದು ಈ ಚಿಂತನೆಯ ಹಿಂದಿರುವ ಚಿತ್ರ. ಕ್ರಿಸ್ತಶಕ ಎರಡನೆಯ ಶತಮಾನದ ಗೇಲನ್ ಇದನ್ನು ಒಪ್ಪಿಯೂ ಒಂದು ಎಚ್ಚರಿಕೆಯನ್ನು ಸೇರಿಸಿದನು. ದುರ್ಬಲರಾದ ವೃದ್ಧರಿಗೆ ಸ್ವಲ್ಪಸ್ವಲ್ಪವಾಗಿ, ಆದರೆ ದಿನಕ್ಕೆ ಮೂರು ಸಲ, ಆಹಾರ ಕೊಡತಕ್ಕದ್ದೆಂದು ಅವನ ಮತ. ಎಂಬತ್ತು ದಾಟಿದ ಮೇಲೂ ರೋಗಿಗಳನ್ನು ನೋಡಲು ನಡೆದುಕೊಂಡೇ ಹೋಗುತ್ತಿದ್ದ ಆಂಟಿಯೋಕಸನೆಂಬ ವೈದ್ಯನನ್ನು ಅವನು ನಿದರ್ಶನವಾಗಿ ಕೊಡುತ್ತಾನೆ. ಆಂಟಿಯೋಕಸನ ದಿನಚರಿಯಲ್ಲಿ ಜೇನಿನೊಡನೆ ರೊಟ್ಟಿಯಿತ್ತು, ಮೀನಿತ್ತು, ಉಪವಾಸವಿರಲಿಲ್ಲ.

ನಮ್ಮ ಚರಕಸಂಹಿತೆಯ ನಿಲುವು ಇನ್ನೂ ಸೂಕ್ಷ್ಮವಾದದ್ದು. ಸೂತ್ರಸ್ಥಾನದ ಐದನೆಯ ಅಧ್ಯಾಯವು ಆಹಾರದ ಮಾತ್ರೆ, ಎಂದರೆ ಪ್ರಮಾಣ, ಉಣ್ಣುವವನ ಅಗ್ನಿಬಲವನ್ನು ಅವಲಂಬಿಸಿದೆಯೆಂದು ಹೇಳುತ್ತದೆ. ಎಲ್ಲರಿಗೂ ಅನ್ವಯಿಸುವ ತೂಕವೊಂದನ್ನು ಅದು ವಿಧಿಸುವುದಿಲ್ಲ. ವಿಮಾನಸ್ಥಾನದ ಎರಡನೆಯ ಅಧ್ಯಾಯದಲ್ಲಿ ಹೊಟ್ಟೆಯನ್ನು ಮೂರು ಭಾಗವಾಗಿ ಕಲ್ಪಿಸಿಕೊಳ್ಳಬೇಕೆಂಬ ಪ್ರಸಿದ್ಧವಾದ ಉಪದೇಶವಿದೆ. ಒಂದು ಭಾಗ ಘನಾಹಾರಕ್ಕೆ, ಒಂದು ದ್ರವಕ್ಕೆ, ಒಂದು ದೋಷಗಳ ಸಂಚಾರಕ್ಕೆ. ಇದನ್ನು ಬಲ್ಲವರು ಬಹಳ. ಆದರೆ ಅದೇ ಅಧ್ಯಾಯದಲ್ಲಿ, ಪ್ರಮಾಣಕ್ಕಿಂತ ಹೀನವಾದ ಆಹಾರವು ಬಲವನ್ನೂ ವರ್ಣವನ್ನೂ ಪುಷ್ಟಿಯನ್ನೂ ಕುಂದಿಸುವುದೆಂಬ ಮಾತೂ ಇದೆಯೆಂಬುದನ್ನು ಸ್ಮರಿಸುವವರು ಕಡಮೆ. ‘ಮಿತ’ವೆಂದರೆ ಅಳೆದದ್ದು ಎಂದರ್ಥ, ಕಡಮೆಯೆಂದಲ್ಲ. ಕಾಲಕ್ರಮದಲ್ಲಿ ಮಿತಾಹಾರವೆಂಬ ಮಾತು ಅಲ್ಪಾಹಾರಕ್ಕೆ ಪರ್ಯಾಯವಾಗಿ ಬಳಕೆಗೆ ಬಂದುದು ಕೇವಲ ಶಬ್ದಾರ್ಥದ ಪಲ್ಲಟವಲ್ಲ. ಅದರ ಫಲವನ್ನು ನಮ್ಮ ಮನೆಗಳ ಹಿರಿಯರು ಉಣ್ಣುತ್ತಿದ್ದಾರೆ.

ಅಲ್ಪಾಹಾರದ ಪಂಥಕ್ಕೆ ಜಗತ್ತಿನಲ್ಲಿ ಅತ್ಯಂತ ಪ್ರಸಿದ್ಧನಾದ ಸಾಕ್ಷಿಯೆಂದರೆ ವೆನಿಸ್ ಗಣರಾಜ್ಯದ ಅಲ್ವೀಸೆ ಕೊರ್ನಾರೋ. ಲೂಯಿಜಿ ಕೊರ್ನಾರೋ ಎಂಬ ಹೆಸರಿನಿಂದಲೂ ಅವನನ್ನು ಬಲ್ಲರು. ಪಾದುವಾ ನಗರದಲ್ಲಿ ನೆಲೆಸಿದ್ದ ಈ ಸಿರಿವಂತನು ಜೌಗುನೆಲವನ್ನು ಬಸಿದು ಸಾಗುವಳಿಗೆ ತಂದವನು, ಫಾಲ್ಕೊನೆತ್ತೋ ಎಂಬ ವಾಸ್ತುಶಿಲ್ಪಿಗೂ ರುಜಾಂತೆ ಎಂಬ ನಾಟಕಕಾರನಿಗೂ ಆಶ್ರಯವಿತ್ತವನು. ಯೌವನದಲ್ಲಿ ಭೋಗಿಯಾಗಿದ್ದು, ನಲವತ್ತರ ಹೊತ್ತಿಗೆ ಹೊಟ್ಟೆಯ ಬೇನೆ, ಕೀಲುನೋವು, ಬಿಡದ ಜ್ವರಗಳಿಂದ ಬಳಲಿದನು. ಮಿತವಾಗಿ ಬಾಳಿದರೆ ಉಳಿಯುವೆ, ಇಲ್ಲವಾದರೆ ಇಲ್ಲ ಎಂದು ವೈದ್ಯರು ಹೇಳಿದ ಮೇಲೆ ಅವನು ತನ್ನ ಆಹಾರವನ್ನು ತೂಕಕ್ಕೆ ಇಳಿಸಿದನು: ದಿನಕ್ಕೆ ಹನ್ನೆರಡು ಔನ್ಸು ಘನಾಹಾರ, ಹದಿನಾಲ್ಕು ಔನ್ಸು ದ್ರಾಕ್ಷಾಮದ್ಯ. ಮಿತಜೀವನವನ್ನು ಕುರಿತ ಅವನ ಪ್ರಬಂಧವು ೧೫೫೮ರಲ್ಲಿ ಪಾದುವಾದಲ್ಲಿ ಅಚ್ಚಾಯಿತು. ಅದರಲ್ಲಿ ತನಗೆ ಎಂಬತ್ತಮೂರು ವರ್ಷವಾಗಿದೆಯೆಂದೂ, ಯಾರ ನೆರವಿಲ್ಲದೆ ಕುದುರೆ ಏರಬಲ್ಲೆನೆಂದೂ, ಮೆಟ್ಟಿಲನ್ನೇ ಅಲ್ಲದೆ ಗುಡ್ಡವನ್ನೂ ಹತ್ತಬಲ್ಲೆನೆಂದೂ, ಈ ವಯಸ್ಸಿನಲ್ಲಿ ಹಾಸ್ಯನಾಟಕವೊಂದನ್ನು ಬರೆದಿರುವೆನೆಂದೂ ಹೇಳಿಕೊಂಡಿದ್ದಾನೆ.

ಆ ಗ್ರಂಥದಲ್ಲಿ ಸ್ವಾರಸ್ಯವಾದ ಘಟನೆಯೊಂದಿದೆ. ತನ್ನ ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಬಂಧುಗಳೂ ವೈದ್ಯರೂ, ಇಷ್ಟು ಅಲ್ಪವಾದ ಊಟದಿಂದ ಮುಪ್ಪಿನ ದೇಹ ನಿಲ್ಲದೆಂದು ಒತ್ತಾಯ ಮಾಡಿದರಂತೆ. ಕೊರ್ನಾರೋ ಒಲ್ಲದ ಮನಸ್ಸಿನಿಂದ ಘನಾಹಾರವನ್ನು ಹದಿನಾಲ್ಕು ಔನ್ಸಿಗೂ ಮದ್ಯವನ್ನು ಹದಿನಾರಕ್ಕೂ ಏರಿಸಿದನು. ಕೆಲವೇ ದಿನಗಳಲ್ಲಿ ಉಲ್ಲಾಸ ಹೋಗಿ ಸಿಡುಕು ಬಂತು. ಹನ್ನೆರಡನೆಯ ದಿನ ಪಕ್ಕೆಯ ನೋವು, ಅದರ ಬೆನ್ನಿಗೆ ಮೂವತ್ತೈದು ದಿನಗಳ ಜ್ವರ. ಹಳೆಯ ಅಳತೆಗೆ ಮರಳಿದ ಮೇಲೆಯೇ ತಾನು ಚೇತರಿಸಿಕೊಂಡೆನೆನ್ನುತ್ತಾನೆ. ಎರಡು ಔನ್ಸಿನ ಹೆಚ್ಚಳದಿಂದ ಇಷ್ಟೆಲ್ಲ ಆದೀತೇ, ಅಥವಾ ಆ ಚಳಿಗಾಲದಲ್ಲಿ ಬೇರಾವುದೋ ರೋಗ ತಗಲಿತ್ತೇ ಎಂಬುದನ್ನು ಇಂದು ನಿರ್ಣಯಿಸುವಂತಿಲ್ಲ. ಯೂರೋಪು ಮಾತ್ರ ಅವನ ಮಾತನ್ನು ನಂಬಿತು. ಲೂವೇನಿನ ಪಾದ್ರಿ ಲೆಸ್ಸಿಯಸ್ ೧೬೧೩ರಲ್ಲಿ ಲ್ಯಾಟಿನ್ನಿಗೆ ತಂದನು. ಕವಿ ಜಾರ್ಜ್ ಹರ್ಬರ್ಟನ ಇಂಗ್ಲಿಷ್ ಅನುವಾದ ೧೬೩೪ರಲ್ಲಿ ಪ್ರಕಟವಾಯಿತು. ಅಲ್ಪಾಹಾರದಿಂದ ದೀರ್ಘಾಯುಷ್ಯವೆಂಬ ವಾದಕ್ಕೆ ಮುಂದಿನ ಶತಮಾನಗಳಲ್ಲೆಲ್ಲ ಕೊರ್ನಾರೋವೇ ಪ್ರಮಾಣನಾದನು.

ಇತಿಹಾಸದ ವಿದ್ಯಾರ್ಥಿಗಳು ಈ ಸಾಕ್ಷಿಯನ್ನು ಮೂರು ಬಗೆಯಲ್ಲಿ ಪರೀಕ್ಷಿಸಬೇಕು. ಮೊದಲನೆಯದು ಅವನ ವಯಸ್ಸು. ಅವನು ೧೫೬೬ರಲ್ಲಿ ತೀರಿಕೊಂಡನು; ನೂರರ ಹತ್ತಿರ ಬಂದಿದ್ದನೆಂದು ಪ್ರತೀತಿ. ಆದರೆ ಸಂಶೋಧಕರು ದಾಖಲೆಗಳ ಆಧಾರದಿಂದ ಅವನ ಜನನವನ್ನು ೧೪೮೪ರ ಸುಮಾರಿಗೆ ಇಡುತ್ತಾರೆ. ಅದು ಸರಿಯಾದರೆ ಗ್ರಂಥ ಬರೆದಾಗ ಅವನಿಗೆ ಎಪ್ಪತ್ತರ ಮೇಲೆ ಕೆಲವು ವರ್ಷಗಳಾಗಿದ್ದುವು, ಅಷ್ಟೆ. ಎರಡನೆಯ ಆಕ್ಷೇಪವನ್ನು ಎತ್ತಿದವನು ಜರ್ಮನಿಯ ತತ್ತ್ವಜ್ಞಾನಿ ನೀಚೆ. ೧೮೮೯ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಕಾರ್ಯವನ್ನು ಕಾರಣವೆಂದು ಭ್ರಮಿಸುವ ದೋಷಕ್ಕೆ ಅವನು ಕೊರ್ನಾರೋವನ್ನೇ ಉದಾಹರಣೆಯಾಗಿ ಕೊಟ್ಟನು. ಆ ಇಟಲಿಯವನು ಕಡಮೆ ತಿಂದುದರಿಂದ ಬಹುಕಾಲ ಬಾಳಲಿಲ್ಲ. ಅವನ ದೇಹವ್ಯಾಪಾರವೇ ನಿಧಾನವಾಗಿದ್ದುದರಿಂದ ಕಡಮೆ ಆಹಾರ ಅವನಿಗೆ ಸಾಕಾಯಿತು, ಹೆಚ್ಚಾದುದು ರೋಗ ತಂದಿತು ಎಂಬುದು ವಾದದ ಸಾರ. ಅಗ್ನಿಬಲದ ಮಾತನ್ನಾಡಿದ ಚರಕನಿಗೆ ಈ ವಾದ ಹೊಸದೆನಿಸುತ್ತಿರಲಿಲ್ಲವೆಂದು ನಮ್ಮ ಊಹೆ.

ಮೂರನೆಯದನ್ನು ಓದುಗರು ಸಾಮಾನ್ಯವಾಗಿ ಗಮನಿಸುವುದೇ ಇಲ್ಲ. ಕೊರ್ನಾರೋವಿನ ಹನ್ನೆರಡು ಔನ್ಸಿನಲ್ಲಿ ಏನೇನಿತ್ತು? ರೊಟ್ಟಿ, ಮೊಟ್ಟೆಯ ಹಳದಿ, ಮಾಂಸ, ಮಾಂಸದ ಸಾರು, ಕೆಲವೊಮ್ಮೆ ಕೋಳಿ, ಮೀನು. ಮದ್ಯದಿಂದಲೂ ಅವನಿಗೆ ದಿನಕ್ಕೆ ಮುನ್ನೂರು ಕಿಲೊಕ್ಯಾಲೊರಿಯಷ್ಟು ಶಕ್ತಿ ದೊರೆಯುತ್ತಿದ್ದಿರಬೇಕು. (ಈ ಅಂಶವನ್ನು ಅನುಕರಣೀಯವೆಂದು ನಾವು ಸೂಚಿಸುತ್ತಿಲ್ಲ.) ತೂಕದಲ್ಲಿ ಅಲ್ಪವಾದರೂ ಸತ್ತ್ವದಲ್ಲಿ ಆ ಊಟ ದಟ್ಟವಾದದ್ದು. ನಮ್ಮ ಹಿರಿಯರು ಊಟವನ್ನು ಇಳಿಸುವಾಗ ಮೊದಲು ಕೈಬಿಡುವುದು ಬೇಳೆಯನ್ನು, ಕಾಳನ್ನು, ಮಾಂಸಾಹಾರಿಗಳಾದರೆ ಮಾಂಸವನ್ನು. ಕೊನೆಗೆ ಉಳಿಯುವುದು ತಿಳಿಸಾರು, ಅನ್ನ, ಕಾಫಿ. ಕೊರ್ನಾರೋ ಮಾಡಿದುದಕ್ಕೆ ಇದು ತದ್ವಿರುದ್ಧವಾದದ್ದು.

ಆಹಾರದ ಕೊರತೆಯೇ ಮುಪ್ಪಿನ ಆಯಾಸದ ವೇಷದಲ್ಲಿ ಬರಬಹುದೆಂಬುದನ್ನು ವೈದ್ಯಶಾಸ್ತ್ರ ಕಂಡುಕೊಂಡ ಬಗೆ ರೋಚಕವಾಗಿದೆ. ಲಂಡನ್ನಿನ ವೈದ್ಯ ತಾಮಸ್ ಅಡಿಸನ್ ೧೮೪೯ರಲ್ಲಿ ವಿಲಕ್ಷಣವಾದ ರಕ್ತಹೀನತೆಯೊಂದನ್ನು ವರ್ಣಿಸಿದನು. ಹೆಚ್ಚಾಗಿ ನಡುವಯಸ್ಸು ಮೀರಿದವರನ್ನು ಹಿಡಿಯುವ ರೋಗವದು. ಮೈ ಸೊರಗುವುದಿಲ್ಲ, ಬಣ್ಣ ಮಾತ್ರ ಬಿಳಿಚಿಕೊಳ್ಳುತ್ತದೆ; ನಡೆಯಲು ಮನಸ್ಸಾಗದು, ಉಸಿರು ಸಾಲದು; ಕ್ರಮೇಣ ಸಾವು. ಸುಮಾರು ಮುಕ್ಕಾಲು ಶತಮಾನ ಇದಕ್ಕೆ ಮದ್ದಿರಲಿಲ್ಲ. ೧೯೨೬ರಲ್ಲಿ ಬಾಸ್ಟನ್ನಿನ ಜಾರ್ಜ್ ಮೈನಟ್ ಮತ್ತು ವಿಲಿಯಂ ಮರ್ಫಿ ಎಂಬವರು ನಲವತ್ತೈದು ಮಂದಿ ರೋಗಿಗಳಿಗೆ ಪ್ರತಿದಿನವೂ ಪ್ರಾಣಿಗಳ ಪಿತ್ತಜನಕಾಂಗವನ್ನು, ನಮ್ಮ ಆಡುಮಾತಿನ ಈಲಿಯನ್ನು, ಊಟದಲ್ಲಿ ಕೊಟ್ಟು ಅವರನ್ನು ಎದ್ದು ಓಡಾಡುವಂತೆ ಮಾಡಿದುದನ್ನು ಪ್ರಕಟಿಸಿದರು. ವಿಪಲ್ ಎಂಬವರೊಡನೆ ಅವರಿಗೆ ೧೯೩೪ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಆದರೆ ಅದೇ ಊಟವನ್ನು ಉಂಡ ನೆರೆಯವರಿಗೆ ಬಾರದ ರೋಗ ಇವರಿಗೇಕೆ ಬಂತು? ೧೯೨೯ರ ಹೊತ್ತಿಗೆ ವಿಲಿಯಂ ಕಾಸಲ್ ಈ ಒಗಟನ್ನು ಬಿಡಿಸಿದನು. ತಾನು ಮಾಂಸವನ್ನು ತಿಂದು, ಸ್ವಲ್ಪ ಹೊತ್ತಿನ ಮೇಲೆ ಅದನ್ನು ಹೊರತೆಗೆದು, ನಳಿಗೆಯ ಮೂಲಕ ರೋಗಿಗಳ ಹೊಟ್ಟೆಗೆ ಸೇರಿಸಿದನು. ಬರಿಯ ಮಾಂಸದಿಂದ ಆಗದ ಗುಣ ಹೀಗೆ ಮಾಡಿದಾಗ ಆಯಿತು. ಆರೋಗ್ಯವಂತನ ಜಠರದಲ್ಲಿ ಸ್ರವಿಸುವ ಒಂದು ಪದಾರ್ಥ ಆಹಾರದ ಒಂದು ಪದಾರ್ಥದೊಡನೆ ಕೂಡಬೇಕೆಂದು ಇದರಿಂದ ಸಿದ್ಧವಾಯಿತು. ಆ ಎರಡನೆಯ ಪದಾರ್ಥವನ್ನು ೧೯೪೮ರಲ್ಲಿ ಅಮೆರಿಕದಲ್ಲಿಯೂ ಇಂಗ್ಲೆಂಡಿನಲ್ಲಿಯೂ ಕೆಂಪು ಹರಳುಗಳಾಗಿ ಬೇರ್ಪಡಿಸಿದರು. ಅದೇ ಬಿ೧೨ ಜೀವಸತ್ತ್ವ.

ಅಡಿಸನ್ನನ ರೋಗ ವಿರಳ. ಆದರೆ ಅದರ ಸೌಮ್ಯರೂಪವೊಂದು ಮುಪ್ಪಿನಲ್ಲಿ ವಿರಳವಲ್ಲ. ವಯಸ್ಸಾದಂತೆ ಅನೇಕರ ಜಠರದ ಒಳಪೊರೆ ಸವೆದು ಆಮ್ಲದ ಸ್ರಾವ ತಗ್ಗುತ್ತದೆ. ಆಹಾರಕ್ಕೆ ಅಂಟಿಕೊಂಡಿರುವ ಬಿ೧೨ ಬಿಡುಗಡೆಯಾಗದೆ ಹಾಗೆಯೇ ಹೊರಟುಹೋಗುತ್ತದೆ. ಆಮ್ಲವನ್ನು ಅಡಗಿಸುವ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗುವವರಿಗೂ, ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಸೇವಿಸುವವರಿಗೂ ಇದೇ ಕೊರತೆ ಒದಗಬಹುದು. ಸಸ್ಯಾಹಾರಿಗಳ ಸ್ಥಿತಿ ಇನ್ನೂ ಇಕ್ಕಟ್ಟಿನದು. ಸೊಪ್ಪು, ಕಾಳು, ಧಾನ್ಯಗಳಲ್ಲಿ ಈ ಜೀವಸತ್ತ್ವವಿಲ್ಲ. ಅವರಿಗೆ ಇರುವ ಆಕರ ಹಾಲು, ಮೊಸರು ಮಾತ್ರ. ಹಾಲು ಕಫವೆಂದು ಅದನ್ನೂ ಬಿಟ್ಟು, ಮೊಸರನ್ನು ನೀರುಮಜ್ಜಿಗೆ ಮಾಡಿಕೊಂಡವರಿಗೆ ಉಳಿಯುವುದೇನು? ಆಯಾಸ, ಪಾದಗಳ ಜೋಮು, ಮರೆವು ಇವೆಲ್ಲವನ್ನೂ ನಾವು ವಯಸ್ಸಿನ ಲೆಕ್ಕಕ್ಕೆ ಬರೆದುಬಿಡುತ್ತೇವೆ. ರಕ್ತಪರೀಕ್ಷೆಯಿಂದ ಇದನ್ನು ಅರಿಯಬಹುದು, ಮಾತ್ರೆಯಿಂದಲೋ ಚುಚ್ಚುಮದ್ದಿನಿಂದಲೋ ಸರಿಪಡಿಸಬಹುದು. ತಡವಾದರೆ ನರಗಳಿಗಾದ ಹಾನಿ ಪೂರ್ಣವಾಗಿ ಹಿಂದಿರುಗದೆ ಉಳಿಯುವ ಸಂಭವವುಂಟು.

ಇನ್ನು ಸ್ನಾಯುಗಳ ವಿಚಾರ. ಐವತ್ತು ದಾಟಿದ ಬಳಿಕ ದೇಹದ ಸ್ನಾಯುರಾಶಿ ವರ್ಷಕ್ಕೆ ನೂರಕ್ಕೆ ಒಂದರಷ್ಟೋ ಅದಕ್ಕಿಂತ ತುಸು ಹೆಚ್ಚಾಗಿಯೋ ಕರಗುತ್ತ ಹೋಗುತ್ತದೆ. ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ ೧೯೮೯ರಲ್ಲಿ ಇದಕ್ಕೆ ಸಾರ್ಕೊಪೀನಿಯ ಎಂದು ಹೆಸರಿಟ್ಟರು. ಗ್ರೀಕ್ ಮೂಲದಲ್ಲಿ ಅದರ ಅರ್ಥ ಮಾಂಸದ ಬಡತನ. ಕುರ್ಚಿಯಿಂದ ಏಳಲು ಕೈಯೂರಬೇಕಾಗುವುದು, ಕೊಡ ಎತ್ತಲಾರದಿರುವುದು, ನಡಿಗೆ ನಿಧಾನವಾಗುವುದು ಇದರ ಲಕ್ಷಣಗಳು. ಸ್ನಾಯು ಕರಗಿದಂತೆ ದೇಹಕ್ಕೆ ಬೇಕಾದ ಒಟ್ಟು ಶಕ್ತಿ ಇಳಿಯುತ್ತದೆ. ಇಷ್ಟರಮಟ್ಟಿಗೆ ಹಿಪೊಕ್ರಟೀಸನ ಪಂಥದವರು ಕಂಡದ್ದು ದಿಟವೇ. ಆದರೆ ಸ್ನಾಯುವನ್ನು ಕಟ್ಟುವ ಸಸಾರಜನಕದ, ಎಂದರೆ ಪ್ರೋಟೀನಿನ, ಅವಶ್ಯಕತೆ ಅದರೊಡನೆ ಇಳಿಯುವುದಿಲ್ಲ. ಮುಪ್ಪಿನ ಸ್ನಾಯು ಆಹಾರದ ಪ್ರಚೋದನೆಗೆ ಮಂದವಾಗಿ ಓಗೊಡುವುದರಿಂದ ಒಂದೊಂದು ಊಟದಲ್ಲಿಯೂ ತರುಣರಿಗಿಂತ ಹೆಚ್ಚಿನ ಪ್ರೋಟೀನು ಅದಕ್ಕೆ ಬೇಕಾಗುತ್ತದೆ. ೨೦೧೩ರಲ್ಲಿ ಅಂತರರಾಷ್ಟ್ರೀಯ ತಜ್ಞರ ಮಂಡಲಿಯೊಂದು, ಅರವತ್ತೈದು ಮೀರಿದ ಆರೋಗ್ಯವಂತರು ದೇಹತೂಕದ ಕಿಲೋಗ್ರಾಮೊಂದಕ್ಕೆ ದಿನಂಪ್ರತಿ ೧.೦ರಿಂದ ೧.೨ ಗ್ರಾಂ ಪ್ರೋಟೀನು ಸೇವಿಸಬೇಕೆಂದು ಸಲಹೆಮಾಡಿತು. ಮೂತ್ರಪಿಂಡದ ತೀವ್ರ ರೋಗವಿರುವವರಿಗೆ ಈ ಅಳತೆ ಸಲ್ಲದು.

ಈ ಅಂಕಿಯನ್ನು ಮನೆಯ ಎಲೆಗೆ ಹೊಂದಿಸಿ ನೋಡೋಣ. ಐವತ್ತೈದು ಕಿಲೋ ತೂಗುವ ಅಜ್ಜಿಯೊಬ್ಬರಿಗೆ ದಿನಕ್ಕೆ ೫೫ರಿಂದ ೬೬ ಗ್ರಾಂ ಬೇಕೆಂದಾಯಿತು. ಬೆಳಗ್ಗೆ ಒಂದು ತಟ್ಟೆ ಉಪ್ಪಿಟ್ಟು, ಎರಡು ಲೋಟ ಕಾಫಿ, ಮಧ್ಯಾಹ್ನ ಎರಡು ಹಿಡಿ ಅನ್ನ, ತಿಳಿಸಾರು, ಮಜ್ಜಿಗೆ, ರಾತ್ರಿ ನೆನೆಸಿದ ಅವಲಕ್ಕಿ: ಇಷ್ಟನ್ನು ಆಹಾರ ಕೋಷ್ಟಕಗಳ ಪ್ರಕಾರ ಕೂಡಿದರೆ ನಮ್ಮ ಗಣನೆಗೆ ಮೂವತ್ತು ಗ್ರಾಂ ದಾಟುವುದು ಕಷ್ಟ. ಹೊಟ್ಟೆ ತುಂಬಿದೆ, ಹಸಿವಿಲ್ಲ. ಬೇಕಾದುದರಲ್ಲಿ ಅರ್ಧ ಮಾತ್ರ ದೊರಕಿದೆ. ಹಗುರವಾದ ಊಟವೆಂದು ನಾವು ಹೊಗಳುವ ರಾತ್ರಿಯ ಅವಲಕ್ಕಿ ಜೀರ್ಣಕ್ಕೆ ಹಗುರ, ಸತ್ತ್ವಕ್ಕೂ ಹಗುರ. ಒಂದು ಲೋಟ ಹಾಲಿನಲ್ಲಿ ಆರು ಗ್ರಾಮಿಗಿಂತ ತುಸು ಹೆಚ್ಚು, ಒಂದು ಮೊಟ್ಟೆಯಲ್ಲಿ ಆರು, ಮೂವತ್ತು ಗ್ರಾಂ ಬೇಳೆಯಲ್ಲಿ ಸುಮಾರು ಏಳು ಗ್ರಾಂ ಪ್ರೋಟೀನು ಇರುತ್ತದೆ. ಕೊರತೆಯನ್ನು ತುಂಬುವುದು ಅಸಾಧ್ಯವೇನಲ್ಲ.

ಆದರೆ ತುಂಬಿದ ಮಾತ್ರಕ್ಕೆ ಬಲ ಬಂದೀತೆಂದು ಭಾವಿಸುವುದೂ ಸಲ್ಲದು. ೧೯೯೪ರಲ್ಲಿ ಬಾಸ್ಟನ್ನಿನ ವೃದ್ಧಾಲಯವೊಂದರ ನೂರು ಮಂದಿ ನಿವಾಸಿಗಳ ಮೇಲೆ ನಡೆದ ಪ್ರಯೋಗದ ವರದಿ ಪ್ರಕಟವಾಯಿತು. ಅವರ ಸರಾಸರಿ ವಯಸ್ಸು ಎಂಬತ್ತೇಳು. ಕೆಲವರಿಗೆ ಹತ್ತು ವಾರ ಕಾಲಿನ ಸ್ನಾಯುಗಳಿಗೆ ಭಾರದ ವ್ಯಾಯಾಮ, ಕೆಲವರಿಗೆ ಪುಷ್ಟಿಕರ ಪೇಯ, ಕೆಲವರಿಗೆ ಎರಡೂ, ಮತ್ತೆ ಕೆಲವರಿಗೆ ಎರಡೂ ಇಲ್ಲ. ವ್ಯಾಯಾಮ ಮಾಡಿದವರ ಸ್ನಾಯುಬಲ ಇಮ್ಮಡಿಗೂ ಮೀರಿತು. ಬರಿಯ ಪೇಯ ಕುಡಿದವರಲ್ಲಿ ಗಣನೀಯವಾದ ಬದಲಾವಣೆ ಕಾಣಲಿಲ್ಲ. ಕೆಲಸವಿಲ್ಲದ ಕಾಲಿಗೆ ಅನ್ನ ಮಾತ್ರ ಬಡಿಸಿದರೆ ಅದು ಸ್ನಾಯುವಾಗದು. ಮುದುಕರನ್ನು ಗೌರವದ ಹೆಸರಿನಲ್ಲಿ ಕುರ್ಚಿಯಿಂದ ಏಳಗೊಡದಿರುವ ನಮ್ಮ ಮನೆಗಳಲ್ಲಿ ಇದನ್ನು ವಿಶೇಷವಾಗಿ ಆಲೋಚಿಸಬೇಕಾಗಿದೆ.

ಕನ್ನಡನಾಡಿನ ಸಂದರ್ಭದಲ್ಲಿ ಈ ಪ್ರಶ್ನೆಗೆ ಸಾಮಾಜಿಕವಾದ ಒಂದು ಮುಖವಿದೆ. ಹಿಂದಿನ ತಲೆಮಾರುಗಳ ಸಂಪ್ರದಾಯಸ್ಥ ಬ್ರಾಹ್ಮಣ ಕುಟುಂಬಗಳಲ್ಲಿ ವಿಧವೆಯರಿಗೆ ಏಕಭುಕ್ತ ವಿಹಿತವಾಗಿತ್ತು. ಹಗಲು ಒಂದು ಊಟ, ರಾತ್ರಿ ಏನಾದರೂ ಫಲಾಹಾರ. ನಡುವೆ ಏಕಾದಶಿಯ ನಿರಾಹಾರ. ಎಳೆಯ ವಯಸ್ಸಿನಲ್ಲಿ ಈ ನಿಯಮಕ್ಕೆ ಒಳಗಾದ ಹೆಂಗಸರು ಅದನ್ನೇ ಹೊತ್ತು ಎಪ್ಪತ್ತು ದಾಟಿದರು. ಬೇರೆ ಸಮುದಾಯಗಳಲ್ಲಿ ಇಂಥ ವಿಧಿ ಇಲ್ಲದಿದ್ದರೂ, ಗಂಡಸರಿಗೆ ಮಕ್ಕಳಿಗೆ ಬಡಿಸಿ ಪಾತ್ರೆಯಲ್ಲಿ ಉಳಿದುದನ್ನು ಹೆಂಗಸರು ಉಣ್ಣುವ ಪದ್ಧತಿ ಅದೇ ಕೆಲಸವನ್ನು ಮಾಡಿತು. ಇಂಥವರ ನಿಶ್ಶಕ್ತಿಯನ್ನು ವೈರಾಗ್ಯವೆಂದೂ, ಬಾಗಿದ ಬೆನ್ನನ್ನು ವಯೋಧರ್ಮವೆಂದೂ ನಾವು ವರ್ಣಿಸಿದ್ದೇವೆ. ವಿಧಿ ಇಂದು ಬಹುಮಟ್ಟಿಗೆ ಸಡಿಲಿದೆ. ಆದರೂ ‘ಈ ವಯಸ್ಸಿನಲ್ಲಿ ನನಗೇಕೆ’ ಎಂದು ಹಾಲಿನ ಲೋಟವನ್ನು ಮೊಮ್ಮಕ್ಕಳ ಕಡೆಗೆ ಸರಿಸುವ ಕೈಗಳು ಇನ್ನೂ ಇವೆ. ೨೦೧೧ರ ಜನಗಣತಿಯ ವೇಳೆಗೆ ಭಾರತದಲ್ಲಿ ಅರವತ್ತು ಮೀರಿದವರ ಸಂಖ್ಯೆ ಹತ್ತು ಕೋಟಿಯನ್ನು ದಾಟಿತ್ತು.

ಹಲ್ಲು ಹೋದುದು ಇನ್ನೊಂದು ಕಾರಣ. ಅಗಿಯಲಾರದವರು ಮೆತ್ತಗಿನದನ್ನೇ ಅರಸುತ್ತಾರೆ. ಮೆತ್ತಗಿನದು ಸಾಮಾನ್ಯವಾಗಿ ಬರಿಯ ಪಿಷ್ಟ. ಹಳೆಯ ಮೈಸೂರು ಸೀಮೆಯ ಒಕ್ಕಲು ಮನೆಗಳ ಊಟ ಈ ದೃಷ್ಟಿಯಿಂದ ಮೆಚ್ಚತಕ್ಕದ್ದು. ರಾಗಿ ಮುದ್ದೆಯನ್ನು ಅಗಿಯುವುದೇ ಇಲ್ಲ, ನುಂಗುವುದು. ನೂರು ಗ್ರಾಂ ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಂ ಸುಣ್ಣದ ಅಂಶವಿದೆ, ಅಕ್ಕಿಯಲ್ಲಿ ಅದರ ಹತ್ತರಲ್ಲೊಂದು ಪಾಲೂ ಇಲ್ಲ. ಜೊತೆಗೆ ಕಟ್ಟಿನ ಸಾರು, ಬಸ್ಸಾರು, ಮಸ್ಸೊಪ್ಪುಗಳಲ್ಲಿ ಕಾಳೂ ಸೊಪ್ಪೂ ಬೆಂದು ಕರಗಿರುತ್ತವೆ. ರಾಗಿಯೊಂದೇ ಸರ್ವಸ್ವವೆಂದು ಇತ್ತೀಚೆಗೆ ಕೇಳಿಬರುವ ಸ್ತುತಿಯನ್ನು ಮಾತ್ರ ನಾವು ಒಪ್ಪಲಾರೆವು. ಅದರ ಪ್ರೋಟೀನು ಅಕ್ಕಿಗಿಂತ ಬಹಳ ಹೆಚ್ಚಿನದೇನಲ್ಲ, ಅದರಲ್ಲಿರುವ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳುವುದೂ ಅಲ್ಪವೇ. ಹಿರಿಮೆ ಮುದ್ದೆಯದಲ್ಲ, ಮುದ್ದೆಯೂ ಕಾಳಿನ ಸಾರೂ ಕೂಡಿದ ಜೋಡಿಯದು. ಊಟದ ಬೆನ್ನಿಗೇ ಕಾಫಿ ಚಹಾ ಕುಡಿದರೆ ಕಬ್ಬಿಣಾಂಶದ ಹೀರಿಕೆ ಇನ್ನೂ ಕುಗ್ಗುತ್ತದೆ. ನಿಂಬೆಹಣ್ಣು ಹಿಂಡಿಕೊಂಡರೆ ಹೆಚ್ಚುತ್ತದೆ.

ನೀರಿನ ವಿಷಯವನ್ನೂ ಇಲ್ಲಿ ಸೇರಿಸಬೇಕು. ೧೯೮೪ರಲ್ಲಿ ಪ್ರಕಟವಾದ ಆಕ್ಸ್‌ಫರ್ಡಿನ ಪ್ರಯೋಗವೊಂದರಲ್ಲಿ ಏಳು ಮಂದಿ ತರುಣರನ್ನೂ ಏಳು ಮಂದಿ ವೃದ್ಧರನ್ನೂ ಒಂದು ದಿನ ನೀರಿಲ್ಲದೆ ಇರಿಸಲಾಗಿ, ವೃದ್ಧರಿಗೆ ಬಾಯಾರಿಕೆ ಕಡಮೆಯೆನಿಸಿತು. ನೀರು ಕೊಟ್ಟ ಮೇಲೂ ಅವರು ಕಡಮೆಯೇ ಕುಡಿದರು. ರಾತ್ರಿ ಏಳಬೇಕಾದೀತೆಂದು ನೀರನ್ನೇ ತ್ಯಜಿಸುವವರು ನಮ್ಮಲ್ಲಿ ಬಹಳ. ಬೇಸಗೆಯಲ್ಲಿ ಇವರಿಗೆ ಬರುವ ತಲೆಸುತ್ತು, ಮಂಕುಗಳಿಗೆ ಎಷ್ಟೋ ವೇಳೆ ಕಾರಣ ಇದೇ. ಭೂರಿಭೋಜನದ ಬಳಿಕ ವೃದ್ಧರ ರಕ್ತದ ಒತ್ತಡ ಇಳಿಯುವುದೆಂಬುದೂ ೧೯೮೩ರಿಂದ ತಿಳಿದ ವಿಷಯ. ಮದುವೆಯ ಊಟ ಮುಗಿಸಿ ಎದ್ದ ಹಿರಿಯರು ಕಂಬ ಹಿಡಿದು ನಿಲ್ಲುವುದು ಅದರಿಂದಲೇ ಇರಬಹುದು. ಒಂದೇ ದೊಡ್ಡ ಊಟಕ್ಕೆ ಬದಲಾಗಿ ಮೂರು ನಾಲ್ಕು ಸಣ್ಣ ಊಟಗಳೆಂಬ ಗೇಲನ್ನನ ಪಕ್ಷ ಇಲ್ಲಿ ಗೆಲ್ಲುತ್ತದೆ.

ಆಯಾಸವೆಲ್ಲವೂ ಆಹಾರದಿಂದಲೇ ಬಂದದ್ದೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಅಮೆರಿಕದ ವೃದ್ಧರ ರಕ್ತಹೀನತೆಯನ್ನು ಕುರಿತು ೨೦೦೪ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ ಸುಮಾರು ಮೂರನೆಯ ಒಂದು ಭಾಗ ಮಾತ್ರ ಪೋಷಕಾಂಶಗಳ ಕೊರತೆಯಿಂದ ಬಂದುದು. ಇನ್ನೊಂದು ಭಾಗ ದೀರ್ಘಕಾಲದ ರೋಗಗಳದು, ಮತ್ತೊಂದಕ್ಕೆ ಕಾರಣವೇ ತಿಳಿಯಲಿಲ್ಲ. ಹೃದಯದ ದೌರ್ಬಲ್ಯ, ಥೈರಾಯ್ಡ್ ಗ್ರಂಥಿಯ ಮಾಂದ್ಯ, ಮನಸ್ಸಿನ ಖಿನ್ನತೆ, ನಿದ್ರಾಭಂಗ, ಔಷಧಗಳ ದುಷ್ಪರಿಣಾಮ ಇವೂ ಆಯಾಸದ ರೂಪದಲ್ಲಿಯೇ ಕಾಣಿಸಿಕೊಳ್ಳುತ್ತವೆ. ಕೆಲವೇ ವಾರಗಳಲ್ಲಿ ತಲೆದೋರಿದ ಆಯಾಸವನ್ನೂ, ಪ್ರಯತ್ನವಿಲ್ಲದೆ ತೂಕ ಇಳಿಯುವುದನ್ನೂ, ಮಲದಲ್ಲಿ ರಕ್ತ ಕಾಣುವುದನ್ನೂ ಊಟದ ಹೊಂದಾಣಿಕೆಯಿಂದ ಸರಿಪಡಿಸಲು ಹೊರಡದೆ ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಉಳಿದವರ ವಿಷಯದಲ್ಲಿ, ವೈದ್ಯರು ಕೇಳುವ ಮೊದಲೇ, ಹಿಂದಿನ ದಿನ ಬೆಳಗಿನಿಂದ ರಾತ್ರಿಯವರೆಗೆ ಏನೇನು ಉಂಡಿರೆಂದು ಅವರನ್ನು ವಿಚಾರಿಸಿ ಬರೆದುಕೊಂಡರೆ ಅರ್ಧ ಕೆಲಸ ಆದಂತೆಯೇ. ‘ಎಂದಿನಂತೆ ಎಲ್ಲ ಉಂಡೆ’ ಎಂಬ ಉತ್ತರವನ್ನು ಮಾತ್ರ ದಾಖಲೆಯಾಗಿ ಸ್ವೀಕರಿಸಬಾರದು.